ಸಮೂಹಕಾರ್ಯ: ಬೀದರ ಸೀಮೆಯಲ್ಲಿ ಕರ ಕೊಟ್ಟವರ ಚರಿತ್ರೆ

ಪಂಢರಪುರದ ಯಾತ್ರೆಯ ದಾರಿಯಲ್ಲಿ ಮಂಗಳವೇಡೆಯ ದಾಮಾಜಿಪಂತರ ಕಥೆಯನ್ನು ಕೇಳದವರು ವಿರಳ. ಬೀದರದ ಬಾದಶಹನ ಅಧಿಕಾರಿಯಾಗಿ ಮಂಗಳವೇಡೆಯ ಸರ್ಕಾರಿ ಕಣಜಗಳನ್ನು ನೋಡಿಕೊಳ್ಳುತ್ತಿದ್ದ ಆ ಸಾತ್ತ್ವಿಕರು, ಘೋರವಾದ ಕ್ಷಾಮವೊಂದರಲ್ಲಿ ಹಸಿದು ಬಂದ ಜನಕ್ಕೆ ಅಪ್ಪಣೆಯಿಲ್ಲದೆಯೇ ಧಾನ್ಯವನ್ನು ಹಂಚಿಬಿಟ್ಟರೆಂದೂ, ಅವರನ್ನು ಕಟ್ಟಿ ತರುವಂತೆ ಬೀದರದಿಂದ ಹುಕುಂ ಹೊರಟಿತೆಂದೂ, ಅವರಿನ್ನೂ ದಾರಿಯಲ್ಲಿರುವಾಗಲೇ ಪಂಢರಿಯ ವಿಠ್ಠಲನು ವಿಠು ಮಹಾರನೆಂಬ ಊರಾಳಿನ ರೂಪದಲ್ಲಿ ದರ್ಬಾರಿಗೆ ಬಂದು, ಸಲ್ಲಬೇಕಾದ ಹಣವನ್ನೆಲ್ಲ ಚೀಲದಿಂದ ಸುರಿದನೆಂದೂ ಭಕ್ತರು ಹಾಡಿಕೊಂಡು ಬಂದಿದ್ದಾರೆ. ಈ ಕಥೆಯಲ್ಲಿ ನನ್ನ ಮನಸ್ಸನ್ನು ಬಹುವಾಗಿ ಹಿಡಿದಿರುವುದು ಅದರ ಕೊನೆಯ ಭಾಗ. ದೇವರು ಹಣವನ್ನು ಸುರಿದು ಸುಮ್ಮನೆ ಅಂತರ್ಧಾನನಾಗಲಿಲ್ಲ. ಪಾವತಿಗೆ ರಸೀದಿಯನ್ನು ಬರೆಸಿಕೊಂಡನು. ಆ ರಸೀದಿಯು ದಾಮಾಜಿಪಂತರು ನಿತ್ಯವೂ ಪಾರಾಯಣ ಮಾಡುತ್ತಿದ್ದ ಗೀತೆಯ ಪೋಥಿಯೊಳಗೆ ಸಿಕ್ಕಿತು.

ಸರ್ಕಾರಕ್ಕೆ ಕೊಟ್ಟುದಕ್ಕೆ ಬರಹದ ಸಾಕ್ಷ್ಯವಿರಬೇಕೆಂಬ ಪ್ರಜೆಯ ಹಂಬಲವು ಈ ಸೀಮೆಯಲ್ಲಿ ದೇವರ ಕಥೆಯೊಳಗೂ ಹೊಕ್ಕು ಕುಳಿತಿತೆಂದರೆ, ಆ ಹಂಬಲದ ಆಳವನ್ನು ನಾವು ಊಹಿಸಬಹುದು. ಆದರೆ ರಸೀದಿಯು ಒಬ್ಬನು ಕೊಟ್ಟನೆಂಬುದನ್ನು ಮಾತ್ರ ಹೇಳುತ್ತದೆ. ಎಲ್ಲರೂ ಕೊಟ್ಟುದು ಏನಾಯಿತೆಂಬುದನ್ನು ಹೇಳುವುದಿಲ್ಲ. ಅದನ್ನು ಕೇಳಬೇಕಾದರೆ ಕೊಟ್ಟವರು ಒಂದುಗೂಡಬೇಕು. ಕರದಾತರ ಸಂಘವೆಂಬ ಮಾತು ನಮ್ಮ ಕಿವಿಗೆ ಪಾಶ್ಚಾತ್ಯ ದೇಶಗಳ ಪೌರಸಂಸ್ಥೆಗಳಿಂದ ಬಂದ ಹೊಸ ಪದಾರ್ಥದಂತೆ ಕೇಳಿಸುವುದುಂಟು; ಆದರೆ ಬೀದರ, ಭಾಲ್ಕಿ, ಔರಾದಗಳ ಈ ಕೆಂಪು ಕಪ್ಪು ನೆಲದಲ್ಲಿ ಅದರ ಕಲ್ಪನೆ ಬಹು ಹಳೆಯದು, ಮಧ್ಯೆ ಕಳೆದುಹೋದುದು, ಇನ್ನೂ ಪೂರ್ಣವಾಗಿ ಕೈಗೆ ಬಾರದುದು.

ಮಂಗಳವೇಡೆಯಿಂದ ಈ ಸೀಮೆಗೆ ಬಂದ ಲೆಕ್ಕದ ಕಥೆ ದಾಮಾಜಿಯದೊಂದೇ ಅಲ್ಲ. ಅದಕ್ಕಿಂತ ಕೆಲವು ಶತಮಾನಗಳ ಹಿಂದೆ, ಬಿಜ್ಜಳನು ಅದೇ ಮಂಗಳವೇಡೆಯಿಂದ ಕಲ್ಯಾಣಕ್ಕೆ ಬಂದಾಗ ಅವನೊಡನೆ ಬಂದ ಬಸವಣ್ಣನವರು ಭಂಡಾರದ ಹೊಣೆಯನ್ನು ಹೊತ್ತವರಷ್ಟೆ. ಅರಸನ ಬೊಕ್ಕಸವನ್ನು ಜಂಗಮರಿಗೆ ಸವೆಸುತ್ತಿದ್ದಾರೆಂದು ಹಗೆಗಳು ಚಾಡಿ ಹೇಳಿದರೆಂದೂ, ಬಿಜ್ಜಳನು ಲೆಕ್ಕವನ್ನು ಒಪ್ಪಿಸಹೇಳಿದನೆಂದೂ, ಎಣಿಸಿ ನೋಡಿದಾಗ ಒಂದು ಹೊನ್ನೂ ಕಡಮೆಯಾಗಿರಲಿಲ್ಲವೆಂದೂ ಪುರಾಣಗಳು ಹೇಳುತ್ತವೆ. ಪವಾಡದ ಅಂಶವನ್ನು ಬದಿಗಿಟ್ಟರೂ ಇದರಲ್ಲಿ ಉಳಿಯುವ ತಿರುಳು ಚಿಕ್ಕದಲ್ಲ: ಭಂಡಾರಿಯು ಎಷ್ಟೇ ಪೂಜ್ಯನಾದರೂ ಲೆಕ್ಕ ಕೇಳಿದಾಗ ಪೆಟ್ಟಿಗೆಯನ್ನು ತೆರೆದು ತೋರಿಸತಕ್ಕವನು.

ಇದೇ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಅಂದರೆ 1076 ರಿಂದ 1126 ರ ನಡುವೆ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಹಿಂದೂ ಕುಟುಂಬದ ಆಸ್ತಿಹಂಚಿಕೆಯ ವ್ಯಾಜ್ಯಗಳಲ್ಲಿ ನ್ಯಾಯವಾದಿಗಳ ಬಾಯಲ್ಲಿ ಆ ಗ್ರಂಥದ ಹೆಸರು ಇಂದಿಗೂ ಬರುತ್ತದೆಯಾದ್ದರಿಂದ ಅದನ್ನು ನಾವು ದಾಯಭಾಗದ ಗ್ರಂಥವೆಂದೇ ಬಗೆದಿದ್ದೇವೆ. ಆದರೆ ಅದರಲ್ಲಿ ಸಂವಿದ್ವ್ಯತಿಕ್ರಮವೆಂಬ ಪ್ರಕರಣವೊಂದುಂಟು. ಊರಿನವರು, ವೃತ್ತಿಶ್ರೇಣಿಗಳು, ವರ್ತಕರ ಕೂಟಗಳು ತಮ್ಮತಮ್ಮೊಳಗೆ ಮಾಡಿಕೊಂಡ ಒಡಂಬಡಿಕೆಯ ವಿಚಾರ ಅದು. ಆ ಪ್ರಕರಣದ ವಿಧಿಗಳನ್ನು ಓದಿದವನಿಗೆ ಆಶ್ಚರ್ಯವಾಗದಿರದು. ಸಮೂಹದ ಕಾರ್ಯಕ್ಕಾಗಿ ಬಂದವರ ಕಾರ್ಯವನ್ನು ಮುಗಿಸಿಕೊಟ್ಟು, ದಾನ ಮಾನ ಸತ್ಕಾರಗಳಿಂದ ಗೌರವಿಸಿ ಕಳುಹಿಸತಕ್ಕದ್ದು ಅರಸನ ಕರ್ತವ್ಯ. ಸಮೂಹದ ಪರವಾಗಿ ಹೋದವನು ಅಲ್ಲಿ ಪಡೆದುದನ್ನು ಸಮೂಹಕ್ಕೆ ಒಪ್ಪಿಸದಿದ್ದರೆ ಹನ್ನೊಂದು ಪಟ್ಟು ತೆರಬೇಕು. ಕೂಟದ ಹಣವನ್ನು ಅಪಹರಿಸಿದವನ ಸರ್ವಸ್ವವನ್ನೂ ಕಸಿದುಕೊಂಡು ರಾಷ್ಟ್ರದಿಂದ ಹೊರಗಟ್ಟಬೇಕು. ಸಮೂಹದ ಕೆಲಸವನ್ನು ನೋಡಿಕೊಳ್ಳುವವರಿಗೆ ಅಲ್ಲಿ ಕಾರ್ಯಚಿಂತಕರೆಂದು ಹೆಸರು. ಅವರು ಧರ್ಮವನ್ನು ಬಲ್ಲವರೂ ಶುಚಿಗಳೂ ಲೋಭವಿಲ್ಲದವರೂ ಆಗಿರಬೇಕೆಂಬುದು ಅವರಿಗೆ ವಿಧಿಸಿದ ಅರ್ಹತೆ. ನಗರಪಾಲನೆಯ ಶಾಸ್ತ್ರವನ್ನು ಹೊರಗಿನಿಂದ ಕಲಿಯಬೇಕೆಂದು ಹೇಳುವವರ ಮುಂದೆ ಈ ಒಂದು ಪದವನ್ನು, ಕಾರ್ಯಚಿಂತಕ ಎಂಬುದನ್ನು, ಇಡಬೇಕೆಂದು ನನಗೆ ಅನೇಕ ಸಲ ತೋರಿದೆ.

ಶಾಸ್ತ್ರದ ಮಾತು ಹಾಗಿರಲಿ, ಆಚಾರವೂ ಅದಕ್ಕೆ ದೂರವಾಗಿರಲಿಲ್ಲ. ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಪನ್ನಾಯ ಮೊದಲಾದ ತೆರೆಗಳ ಹೆಸರುಗಳು ಎಷ್ಟು ಕಂಡುಬರುತ್ತವೆಯೋ, ಆ ತೆರೆಗಳ ಒಂದಂಶವನ್ನು ಊರಿನ ಕೆರೆಗೋ ಗುಡಿಗೋ ಮಠದ ವಿದ್ಯಾರ್ಥಿಗಳಿಗೋ ಬಿಟ್ಟುಕೊಟ್ಟ ಉಲ್ಲೇಖಗಳೂ ಅಷ್ಟೇ ಇವೆ. ಗಾಣಕ್ಕೆ ಇಷ್ಟು ಎಣ್ಣೆ, ಹೇರಿಗೆ ಇಷ್ಟು ಎಲೆ ಎಂದು ತಾವೇ ಗೊತ್ತುಮಾಡಿಕೊಂಡು ಕೊಡುವವರು ಮಹಾಜನರು, ನಕರದವರು, ಒಕ್ಕಲುಗಳು. ಕೊಡುವವರ ಹೆಸರು, ಕೊಟ್ಟುದರ ಪ್ರಮಾಣ, ಅದು ಸಲ್ಲಬೇಕಾದ ಕೆಲಸ, ಕೆಡಿಸಿದವನಿಗೆ ಬರುವ ಪಾಪ, ಈ ನಾಲ್ಕೂ ಒಂದೇ ಕಲ್ಲಿನ ಮೇಲೆ, ಊರಿನ ನಡುವೆ, ಊರಿನ ಭಾಷೆಯಲ್ಲಿ ನಿಂತಿರುತ್ತಿದ್ದುವು. ಆದರೂ ಈ ಕೂಟಗಳಲ್ಲಿ ಎಲ್ಲರಿಗೂ ಸ್ಥಾನವಿತ್ತೆಂದು ಹೇಳುವುದು ಸತ್ಯಕ್ಕೆ ಅಪಚಾರವಾದೀತು. ಅಗ್ರಹಾರದ ಮಹಾಜನರು ಬ್ರಾಹ್ಮಣರು, ನಕರದವರು ವರ್ತಕರು. ಬೀದಿಯನ್ನು ಗುಡಿಸಿದವನೂ ಸತ್ತ ದನವನ್ನು ಹೊತ್ತವನೂ ಆ ಸಭೆಯ ಹೊರಗಿದ್ದವರು. ಮಹಾರರ ಐವತ್ತೆರಡು ಹಕ್ಕುಗಳನ್ನು ಬೀದರದ ಬಾದಶಹನೇ ಬರೆದುಕೊಟ್ಟನೆಂಬ ಐತಿಹ್ಯವು ಮರಾಠಿ ಸೀಮೆಯಲ್ಲೆಲ್ಲ ಹರಡಿರುವುದಕ್ಕೆ ಇದೇ ಕಾರಣವಿರಬೇಕು: ಊರಿನ ಸಭೆಯಲ್ಲಿ ಮಾತಿಲ್ಲದವನು ತನ್ನ ಪಾಲಿನ ಪತ್ರವನ್ನು ದೂರದ ರಾಜಧಾನಿಯಲ್ಲಿ ಅರಸಿದನು. ವಿಠ್ಠಲನು ರಸೀದಿಯನ್ನು ಪಡೆದುದು ಮಹಾರನ ರೂಪದಲ್ಲಿಯೇ ಎಂಬುದನ್ನೂ ಓದುಗರು ನೆನೆಯಬೇಕು.

ಬಹಮನೀ ರಾಜಧಾನಿಯು ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ಅಹಮದ್ ಷಾಹನ ಕಾಲಕ್ಕೆ ಕಲಬುರ್ಗಿಯಿಂದ ಬೀದರಕ್ಕೆ ಬಂದ ಮೇಲೆ ಈ ಊರಿನ ವೈಭವವು ದೇಶಾಂತರಗಳಿಗೆ ತಿಳಿಯಿತು. 1470 ರ ಆಸುಪಾಸಿನಲ್ಲಿ ಇಲ್ಲಿಗೆ ಬಂದ ರಷ್ಯದ ವರ್ತಕ ಅಫನಾಸಿ ನಿಕಿಟಿನ್, ಸರದಾರರ ಬೆಳ್ಳಿಯ ಪಲ್ಲಕ್ಕಿಗಳನ್ನೂ ಹಳ್ಳಿಗರ ಕಡುಬಡತನವನ್ನೂ ಒಟ್ಟೊಟ್ಟಿಗೆ ಕಂಡು ಬರೆದಿಟ್ಟನು. ಆ ಅಂತರವನ್ನು ಅರಿತ ಮಂತ್ರಿಯೂ ಅಲ್ಲಿದ್ದನು. ಮಹಮೂದ್ ಗವಾನನು ತರಫುಗಳೆಂಬ ನಾಲ್ಕು ಪ್ರಾಂತಗಳನ್ನು ಎಂಟು ಮಾಡಿ, ನೆಲವನ್ನು ಅಳೆಯಿಸಿ, ಇಂಥ ನೆಲಕ್ಕೆ ಇಷ್ಟೇ ಕಂದಾಯವೆಂದು ಗೊತ್ತುಪಡಿಸಲು ಹೊರಟನು. ತರಫದಾರರ ಕೈಯಲ್ಲಿದ್ದ ಕೋಟೆಗಳನ್ನೂ ಭೂಮಿಯನ್ನೂ ಮೊಟಕುಗೊಳಿಸಿದನು. ಅಳತೆಯಿಲ್ಲದ ಕಡೆ ಅಧಿಕಾರಿಯ ಬಾಯಿಯೇ ಅಳತೆ. ಅಳತೆ ಬಂದಲ್ಲಿ ಅವನ ಲಾಭಕ್ಕೆ ಅಂಕೆ ಬೀಳುತ್ತದೆ. ಈ ಸುಧಾರಣೆಗಳಿಂದ ಕೆರಳಿದ ಸರದಾರರು ಹುಸಿಪತ್ರವೊಂದನ್ನು ಸೃಷ್ಟಿಸಿದರು. 1481 ರಲ್ಲಿ ಗವಾನನ ತಲೆ ಹೋಯಿತು. 1472 ರಲ್ಲಿ ಮುಗಿದ ಅವನ ಮದರಸದ ಮುಂದೆ ನಿಂತು ಅದರ ಹೆಂಚುಗಳ ಬಣ್ಣವನ್ನು ಮೆಚ್ಚುವ ಯಾತ್ರಿಕರು, ಅದನ್ನು ಕಟ್ಟಿಸಿದವನ ಪ್ರಾಣಕ್ಕೆ ಎರವಾದ ಕಾರಣಗಳಲ್ಲಿ ರೈತನ ಕಂದಾಯದ ಅಳತೆಯೂ ಒಂದೆಂಬುದನ್ನು ತಿಳಿದು ಹೋಗಲೆಂದು ನನ್ನ ಆಸೆ.

ಆ ಕಾಲದ ಕರವು ಜನಕ್ಕೆ ಮರಳಿ ಬಂದುದರ ಒಂದು ಗುರುತು ನೌಬಾದಿನ ನೆಲದಡಿಯಲ್ಲಿ ಇಂದಿಗೂ ಇದೆ. ಪರ್ಷಿಯದ ಕರೇಜ್ ಪದ್ಧತಿಯಂತೆ, ಜಂಬಿಟ್ಟಿಗೆಯ ಪದರದೊಳಗೆ ಸುರಂಗವನ್ನು ಕೊರೆದು, ಅಲ್ಲಲ್ಲಿ ಗಾಳಿಗೂ ಬೆಳಕಿಗೂ ನೀರೆತ್ತುವುದಕ್ಕೂ ಬಾವಿಗಳನ್ನು ಇಳಿಸಿ, ಇಳಿಜಾರಿನ ಬಲದಿಂದಲೇ ನೀರು ಹರಿಯುವಂತೆ ಮಾಡಿದ ಕೆಲಸ ಅದು. ಎತ್ತರದ ಪ್ರಸ್ಥಭೂಮಿಯ ಮೇಲೆ ಕುಳಿತ ಊರಿಗೆ ನೀರಿನ ಹೊರತು ಬದುಕಿಲ್ಲ. ಬಾವಿಗಳ ಬಾಯಿಗಳು ಮಣ್ಣುಕಸಗಳಿಂದ ಮುಚ್ಚಿಹೋಗಿ, ಇದು ಇತ್ತೆಂಬುದೇ ಮರೆತು, ಈ ಶತಮಾನದ ಎರಡನೆಯ ದಶಕದಲ್ಲಿ ಶೋಧಕರು ಅದರ ಜಾಡನ್ನು ಮತ್ತೆ ಹಿಡಿದು ಹೂಳೆತ್ತಿಸುವವರೆಗೆ ಅದು ಕತ್ತಲೆಯಲ್ಲಿಯೇ ಇತ್ತು. ಕಟ್ಟುವುದಕ್ಕೆ ಸುಲ್ತಾನನೊಬ್ಬನ ಇಚ್ಛೆ ಸಾಕಾಯಿತು. ವರ್ಷವರ್ಷವೂ ಹೂಳೆತ್ತುವುದಕ್ಕೆ ಊರೇ ಬೇಕಾಗಿತ್ತು, ಆ ಹೊಣೆಯನ್ನು ಹೊರುವ ಕೂಟವು ಉಳಿದಿರಲಿಲ್ಲ.

ಬರೀದಶಾಹಿ, ಬಿಜಾಪುರ, ಮೊಗಲರ ಆಳ್ವಿಕೆಗಳನ್ನು ದಾಟಿ ಬೀದರವು ಆಸಫಜಾಹಿ ನಿಜಾಮರ ಕೈಗೆ ಬಂದ ಮೇಲೆ ಕಂದಾಯವನ್ನು ಗುತ್ತಿಗೆಗೆ ಕೊಡುವ ಇಜಾರೆಯ ಪದ್ಧತಿಯು ರೈತನನ್ನು ಹಿಂಡಿತು. 1853 ರಲ್ಲಿ ದಿವಾನರಾದ ಒಂದನೆಯ ಸಾಲಾರ್ ಜಂಗರು ಅದನ್ನು ಕಿತ್ತು, 1865 ರ ಜಿಲಾಬಂದಿಯಿಂದ ಜಿಲ್ಲೆ ತಾಲೂಕುಗಳನ್ನು ಏರ್ಪಡಿಸಿ, ಸಂಬಳದ ಅಧಿಕಾರಿಗಳನ್ನಿಟ್ಟರು. ಆದರೆ ಈ ವ್ಯವಸ್ಥೆಯು ಖಾಲಸಾ ಎಂಬ, ಸರ್ಕಾರವೇ ನೇರವಾಗಿ ಆಳುವ ನೆಲಕ್ಕೆ ಮಾತ್ರ ಸಂದಿತು. ಬೀದರ ಜಿಲ್ಲೆಯ ದೊಡ್ಡ ಭಾಗವು ಪಾಯಗಾ ಎಂಬ ದೊಡ್ಡ ಜಾಗೀರುಗಳ ಅಮೀರರ, ಇತರ ಜಾಗೀರದಾರರ ಕೈಯಲ್ಲಿತ್ತು; ಚಿಟಗುಪ್ಪ, ಭಾಲ್ಕಿಗಳ ಕಡೆಯ ರೈತನು ತೆತ್ತ ಹಣ ಪಾಯಗಾದ ಕಚೇರಿಗೆ ಹೋಗುತ್ತಿತ್ತು. ಪಕ್ಕಪಕ್ಕದ ಎರಡು ಹಳ್ಳಿಗಳು, ಒಂದೇ ಮಳೆ, ಒಂದೇ ಜೋಳ, ಬೇರೆ ಬೇರೆ ಒಡೆಯರು; ಅವರು ಕೂಡಿ ಕೇಳಬೇಕೆಂದರೂ ಕೇಳತಕ್ಕ ಒಂದೇ ಬಾಗಿಲಿರಲಿಲ್ಲ.

ಕಂದಾಯದ ರೂಪಾಯಿಗೆ ಒಂದಾಣೆಯಂತೆ ಎತ್ತಿದ ಲೋಕಲ್ ಫಂಡಿನಿಂದ ರಸ್ತೆ, ದವಾಖಾನೆ, ಮದರಸಗಳು ಬಂದುವೆಂಬುದು ನಿಜ. ಆ ನಿಧಿಯ ಮಂಡಲಿಗಳಲ್ಲಿ ಪೀಠದ ಮೇಲೆ ಕುಳಿತವರು ತಾಲೂಕದಾರರು, ತಹಸೀಲ್ದಾರರು. ಪ್ರಜೆಗಳ ಪರವಾಗಿ ಕುಳಿತವರು ಸರ್ಕಾರ ಆರಿಸಿದವರು. ಊರಿನ ನೈರ್ಮಲ್ಯವನ್ನು ನೋಡುವ ಕಚೇರಿಗೆ ಬಲ್ದಿಯಾ ಎಂದು ಹೆಸರಾಯಿತು. ಆ ಮಾತು ಹಿರಿಯರ ಬಾಯಲ್ಲಿ ಬಹುಕಾಲ ಉಳಿಯಿತು. ಅರ್ಜಿಗೆ ದರಖಾಸ್ತು ಎಂಬುದೂ ಹಾಗೆಯೇ. ಮೇಲಿನ ಕಚೇರಿಗಳ ಕಾಗದಗಳೆಲ್ಲ 1884 ರ ಸುಮಾರಿನವರೆಗೆ ಪಾರಸಿಯಲ್ಲಿ, ಆಮೇಲೆ ಉರ್ದುವಿನಲ್ಲಿ. ಊರಿನ ಪಟವಾರಿಯ ದಫ್ತರು ಬಹುಮಟ್ಟಿಗೆ ಮೋಡಿ ಲಿಪಿಯಲ್ಲಿ. ಮನೆಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ತೆಲುಗನ್ನೋ ಆಡುತ್ತಿದ್ದ ಒಕ್ಕಲಿಗನು ತನ್ನ ರಸೀದಿಯನ್ನು ತಾನೇ ಓದಲಾರದೆ, ಅದನ್ನು ಬರೆದವನ ಬಳಿಗೇ ಓದಿಸಿಕೊಳ್ಳಲು ಹೋಗಬೇಕಾಗಿತ್ತು. ಚಾಲುಕ್ಯರ ಕಲ್ಲು ಊರಿನ ನಡುವೆ ಊರಿನ ಭಾಷೆಯಲ್ಲಿ ನಿಂತ ದಿನಗಳಿಂದ ನಾವು ಎಷ್ಟು ದೂರ ಬಂದಿದ್ದೆವೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಸಂಗತಿಯನ್ನು ನಾನರಿಯೆ.

ಇದೇ ಕಾಲದಲ್ಲಿ ಹೊರಗಿನ ಪ್ರಾಂತಗಳಲ್ಲಿ ಏನಾಗುತ್ತಿತ್ತು? ಮುಂಬಯಿಯಲ್ಲಿ 1871 ರಲ್ಲಿ ಪುರಸಭೆಯ ದುಂದುವೆಚ್ಚವನ್ನು ಪ್ರತಿಭಟಿಸಿ ಕರದಾತರು ಎದ್ದುನಿಂತರು. ನೌರೋಜಿ ಫರ್ದುನ್‌ಜಿಯವರಂಥ ಹಿರಿಯರೂ ಫಿರೋಜಷಾ ಮೆಹತಾರಂಥ ತರುಣರೂ ಆ ವಾದಗಳಲ್ಲಿ ಬೆಳೆದರು. ಮರುವರ್ಷದ ಕಾಯಿದೆಯಿಂದ 64 ಮಂದಿ ಸದಸ್ಯರಲ್ಲಿ ಅರ್ಧದಷ್ಟನ್ನು ಕರ ಕೊಡುವವರೇ ಆರಿಸುವಂತಾಯಿತು. 1882 ರಲ್ಲಿ ಲಾರ್ಡ್ ರಿಪನ್ನರ ನಿರ್ಣಯವು ಬ್ರಿಟಿಷ್ ಇಂಡಿಯದಲ್ಲಿ ಸ್ಥಳೀಯ ಸ್ವಯಮಾಡಳಿತಕ್ಕೆ ಹಾದಿ ತೆಗೆಯಿತು. ನಿಜಾಮರ ಸಂಸ್ಥಾನದಲ್ಲಿಯಾದರೋ 1929 ರ ಗಸ್ತಿ ನಿಶಾನ್ 53 ಎಂಬ ಸುತ್ತೋಲೆಯು, ಸಾರ್ವಜನಿಕ ಸಭೆಗೆ ಸರ್ಕಾರದ ಅನುಮತಿ ಬೇಕೆಂದು ವಿಧಿಸಿತು. ಹತ್ತು ಜನ ಕೂಡಿ ಚರಂಡಿಯ ವಿಷಯವನ್ನು ಮಾತನಾಡುವುದಕ್ಕೂ ಕಚೇರಿಯ ಮೊಹರನ್ನು ಕಾಯಬೇಕಾದಲ್ಲಿ ಕರದಾತರ ಸಂಘವು ಹುಟ್ಟುವುದೆಂತು? ಈ ಇಕ್ಕಟ್ಟಿನ ನಡುವೆಯೇ 1937 ರಲ್ಲಿ ನಿಜಾಮ ಕರ್ನಾಟಕ ಪರಿಷತ್ತಿನ ಮೊದಲ ಅಧಿವೇಶನವು ಬೀದರದಲ್ಲಿ ನೆರೆಯಿತೆಂಬುದು ಈ ಊರಿನ ಹೆಮ್ಮೆಯ ಸಂಗತಿ.

ಕೇಳುವ ಹಾದಿ ಮುಚ್ಚಿದ್ದಾಗ ಜನರು ಇನ್ನೊಂದು ಹಾದಿಯನ್ನು ಹಿಡಿದರು. ಅದು ಭಾಲ್ಕಿಯಲ್ಲಿ ಕಂಡಷ್ಟು ಉಜ್ಜ್ವಲವಾಗಿ ಬೇರೆಡೆ ಕಾಣದು. ಹಿರೇಮಠ ಸಂಸ್ಥಾನದ ಶ್ರೀ ಚನ್ನಬಸವ ಪಟ್ಟದ್ದೇವರು, 1889 ರಲ್ಲಿ ಹುಟ್ಟಿ 1999 ರವರೆಗೆ ಬಾಳಿದ ಆ ಮಹನೀಯರು, ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದರೆಂಬುದು ನಾಡಿಗೆಲ್ಲ ಗೊತ್ತು. ಆ ಶಾಲೆಗೂ ಮಕ್ಕಳ ಊಟಕ್ಕೂ ಹಣವೆಲ್ಲಿಯದೆಂಬುದನ್ನು ಮಾತ್ರ ನಾವು ಸಾಕಷ್ಟು ಯೋಚಿಸಿಲ್ಲ. ಜೋಳಿಗೆಯನ್ನು ಹಿಡಿದು ಹಳ್ಳಿಹಳ್ಳಿಗೆ ಹೋದ ಸ್ವಾಮಿಗಳಿಗೆ ಹಿಡಿ ಜೋಳವನ್ನೂ ಬಿಡಿ ಕಾಸನ್ನೂ ಹಾಕಿದವರು, ಒಡೆಯರಿಗೆ ಕಂದಾಯವನ್ನು ಆಗಲೇ ತೆತ್ತು ಕೈ ಬರಿದಾದವರೇ. ತಮ್ಮ ಮಕ್ಕಳಿಗೆ ತಮ್ಮ ನುಡಿಯ ಅಕ್ಷರವು ಸರ್ಕಾರದ ಕರದಿಂದ ದೊರೆಯದಿದ್ದುದರಿಂದ, ಅವರು ತಮಗೆ ತಾವೇ ಎರಡನೆಯ ಕರವನ್ನು ವಿಧಿಸಿಕೊಂಡರು. ಹುಕುಂ ಇಲ್ಲ, ಜಪ್ತಿಯಿಲ್ಲ, ರಸೀದಿಯೂ ಇಲ್ಲ. ಆದರೆ ಸಂಜೆಯ ಪಂಕ್ತಿಯಲ್ಲಿ ಉಂಡು ಓದುತ್ತ ಕುಳಿತ ಹುಡುಗರಲ್ಲಿ ಕೊಟ್ಟವರಿಗೆ ಲೆಕ್ಕವು ಕಣ್ಣೆದುರಿಗೇ ಇತ್ತು. ಕಲ್ಯಾಣದ ದಾಸೋಹಕ್ಕೂ ಈ ಜೋಳಿಗೆಗೂ ಇರುವ ಸಂಬಂಧವನ್ನು ನಾನು ಬೇರೆ ಹೇಳಬೇಕಾಗಿಲ್ಲ.

1948 ರ ಸೆಪ್ಟೆಂಬರಿನಲ್ಲಿ ನಿಜಾಮರ ಸಂಸ್ಥಾನವು ಭಾರತದಲ್ಲಿ ಸೇರಿತು. 1949 ರಲ್ಲಿ ಜಾಗೀರುಗಳು ರದ್ದಾದುವು. 1956 ರ ನವೆಂಬರ್ 1 ರಂದು ಜಿಲ್ಲೆಯೇ ಮೂರು ರಾಜ್ಯಗಳಿಗೆ ಹಂಚಿಹೋಯಿತು: ಅಹಮದಪುರ, ನಿಲಂಗಾ, ಉದಗೀರಗಳು ಮುಂಬಯಿಗೆ, ಜಹೀರಾಬಾದಿನ ಬಹುಭಾಗವೂ ನಾರಾಯಣಖೇಡವೂ ಆಂಧ್ರಕ್ಕೆ, ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರಿಗೆ. ಪುರಸಭೆಗಳಿಗೆ ಅದೇ ವರ್ಷದ ಹೈದರಾಬಾದ್ ಜಿಲ್ಲಾ ಮುನಿಸಿಪಾಲಿಟಿಗಳ ಕಾಯಿದೆ ಅನ್ವಯಿಸುತ್ತಿತ್ತು. 1964 ರ ಪುರಸಭೆಗಳ ಅಧಿನಿಯಮವು 1965 ರ ಏಪ್ರಿಲ್ 1 ರಿಂದ ಜಾರಿಗೆ ಬಂದು ಅದರ ಸ್ಥಾನವನ್ನು ಪಡೆಯಿತು. ಈ ಅಧಿನಿಯಮದಲ್ಲಿ ಪುರಸಭೆಯು ಹೊಸ ತೆರಿಗೆಯನ್ನು ಹಾಕುವ ಮುನ್ನ ಪ್ರಕಟಣೆಯನ್ನು ಹೊರಡಿಸಬೇಕೆಂದೂ, ಊರಿನ ನಿವಾಸಿಯು ಆಕ್ಷೇಪವನ್ನು ಬರೆದು ಸಲ್ಲಿಸಬಹುದೆಂದೂ, ಸಭೆಯು ಅದನ್ನು ವಿಚಾರಿಸಬೇಕೆಂದೂ ಏರ್ಪಾಡಿದೆ. ವಿಜ್ಞಾನೇಶ್ವರನ ಸಮೂಹಕಾರ್ಯಕ್ಕೆ ಸುಮಾರು ಎಂಟೂವರೆ ಶತಮಾನಗಳ ಮೇಲೆ ಮತ್ತೆ ಬಾಗಿಲು ತೆರೆದಂತಾಯಿತೆಂದು ನಾನು ತಿಳಿಯುತ್ತೇನೆ.

ಬಾಗಿಲು ತೆರೆದುದು ದಿಟ. ಒಳಗೆ ಕೂಡಿ ಹೋದವರು ಕಡಮೆ. ಅದಕ್ಕೆ ಜನರ ಆಲಸ್ಯವೊಂದೇ ಕಾರಣವಲ್ಲ. ಮೊದಲು ಊರ ಹೊರಗಿನ ನಾಕಾದಲ್ಲಿ ಬಂಡಿಯನ್ನು ನಿಲ್ಲಿಸಿ ಜಕಾತಿಯನ್ನು ತೆರುವಾಗ, ಪುರಸಭೆಗೆ ತಾನು ಕೊಡುತ್ತಿರುವೆನೆಂಬುದು ವರ್ತಕನಿಗೂ ರೈತನಿಗೂ ಕೈಯಾರೆ ತಿಳಿಯುತ್ತಿತ್ತು. 1979 ರಲ್ಲಿ ರಾಜ್ಯವು ಜಕಾತಿಯನ್ನು ರದ್ದುಮಾಡಿತು. ನಾಕಾದ ಕಿರುಕುಳ ತಪ್ಪಿದುದು ಒಳ್ಳೆಯದೇ ಆಯಿತು. ಆದರೆ ಅಂದಿನಿಂದ ಪುರಸಭೆಯು ಹಣಕ್ಕಾಗಿ ಬೆಂಗಳೂರಿನ ಕಡೆಗೆ ಮುಖ ಮಾಡಿತು, ಜನರೂ ತಮ್ಮ ದೂರನ್ನು ಅತ್ತಲೇ ತಿರುಗಿಸಿದರು. ಊರಿನ ಹಣ ಊರಿನ ಕೆಲಸವೆಂಬ ಬಂಧವು ಸಡಿಲಿತು. 2002 ರಿಂದ ಬಂದ ಸ್ವಯಂಘೋಷಿತ ಆಸ್ತಿ ತೆರಿಗೆಯಲ್ಲಿ ಮನೆಯವನು ತನ್ನ ತೆರಿಗೆಯನ್ನು ತಾನೇ ಲೆಕ್ಕಹಾಕಿ ತುಂಬುತ್ತಾನೆ. ಅವನು ತುಂಬುವ ರೂಪಾಯಿಯ ಮೇಲೆ 6 ಪೈಸೆ ಗ್ರಂಥಾಲಯ ಕರವೂ ಸೇರುತ್ತದೆ, ಭಿಕ್ಷುಕರ ಪುನರ್ವಸತಿಯ ಕರವೂ ಆರೋಗ್ಯ ಕರವೂ ಸೇರುತ್ತವೆ. ತನ್ನ ಓಣಿಯ ಗ್ರಂಥಾಲಯಕ್ಕೆ ಈ ವರ್ಷ ಬಂದ ಪುಸ್ತಕಗಳೆಷ್ಟೆಂದು ಕೇಳುವ ಹಕ್ಕು ಆ ಆರು ಪೈಸೆಯೊಂದಿಗೇ ಅವನಿಗೆ ಬಂದಿದೆ.

ಬೀದರಕ್ಕೆ ನಗರಸಭೆ, ಭಾಲ್ಕಿಗೆ ಪುರಸಭೆ, ಔರಾದಕ್ಕೆ ಪಟ್ಟಣ ಪಂಚಾಯಿತಿ ಎಂದು ಮೂರು ಊರುಗಳೂ ಮೂರು ಮೆಟ್ಟಿಲುಗಳ ಮೇಲೆ ನಿಂತುವು. ಬೀದರವನ್ನು ಮಹಾನಗರ ಪಾಲಿಕೆಯಾಗಿಸುವ ತೀರ್ಮಾನವನ್ನೂ ಸರ್ಕಾರ ಕೈಗೊಂಡಿದೆ. ಮೆಟ್ಟಿಲು ಏರಿದಂತೆ ಕಚೇರಿಯು ಪ್ರಜೆಯಿಂದ ದೂರವಾಗುವ ಭಯವುಂಟು. ಈ ದೃಷ್ಟಿಯಿಂದ ನನಗೆ ಹೆಚ್ಚಿನ ಆಸೆಯಿರುವುದು ಔರಾದದಂಥ ಸಣ್ಣ ಊರಿನಲ್ಲಿ. ರಾಜ್ಯದ ಉತ್ತರದ ತುದಿಯ ಆ ಊರಿನಲ್ಲಿ ಅಮರೇಶ್ವರನ ಜಾತ್ರೆಗೆ ನೆರೆಯುವವರು ಒಬ್ಬರನ್ನೊಬ್ಬರು ಬಲ್ಲರು. ಯಾವ ಚರಂಡಿ ಯಾವ ವರ್ಷ ಕಟ್ಟಿತು, ಯಾವ ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು ಬಂತು ಎಂಬುದಕ್ಕೆ ಅಲ್ಲಿ ಕಡತವೇ ಬೇಕಿಲ್ಲ. ಡಿ. ವಿ. ಗುಂಡಪ್ಪನವರು 1945 ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದಾಗ ಅವರ ಮನಸ್ಸಿನಲ್ಲಿದ್ದುದು ಇಂಥ ತಿಳಿವಳಿಕೆಯುಳ್ಳ ಪೌರರ ಕೂಟವೇ. ಈ ಊರುಗಳಲ್ಲಿ ಹುಟ್ಟಬೇಕಾದ ಕರದಾತರ ಸಂಘಕ್ಕೆ ಒಂದು ಮಾತನ್ನು ಮಾತ್ರ ನಾನು ಒತ್ತಿ ಹೇಳಬೇಕು: ಹಳೆಯ ಮಹಾಜನರ ಸಭೆಯು ಹೊರಗಿಟ್ಟವರನ್ನು ಇದು ಮೊದಲು ಒಳಗೆ ಕರೆಯಬೇಕು. ಮನೆಯ ಒಡೆಯನೊಬ್ಬನೇ ಕರದಾತನಲ್ಲ. ಬಾಡಿಗೆಯ ಮೂಲಕ ಅದೇ ಕರವನ್ನು ತೆರುವವನೂ, ಬೆಳಗಿನ ಜಾವಕ್ಕೆ ಬೀದಿಗಿಳಿಯುವ ಪೌರಕಾರ್ಮಿಕಳೂ ಸಂಘದ ಚಾಪೆಯ ಮೇಲೆ ಕುಳಿತುಕೊಳ್ಳಬೇಕಾದವರು.

ಬರುವ ಏಪ್ರಿಲಿನಲ್ಲಿ ತೆರಿಗೆಯನ್ನು ತುಂಬಲು ಹೋಗುವ ಬೀದರ, ಭಾಲ್ಕಿ, ಔರಾದಗಳ ಓದುಗರಲ್ಲಿ ನನ್ನ ವಿನಂತಿ ಇಷ್ಟೆ: ಒಬ್ಬೊಬ್ಬರಾಗಿ ಹೋಗಬೇಡಿರಿ. ಓಣಿಯ ಹತ್ತು ಮನೆಯವರು ಕೂಡಿ ಹೋಗಿರಿ. ಹತ್ತು ರಸೀದಿಗಳನ್ನು ಪಡೆದುಕೊಂಡ ಮೇಲೆ, ಕಳೆದ ವರ್ಷದ ಆಯವ್ಯಯದ ಪ್ರತಿಯೊಂದನ್ನು ಹತ್ತು ಜನರ ಸಹಿಯಿರುವ ಒಂದೇ ಅರ್ಜಿಯಲ್ಲಿ ಕೇಳಿರಿ.